ಚಾಕೊಲೇಟು: ಪಥ್ಯವೋ ಅಪಥ್ಯವೋ?

ಕಳೆದ ಮಳೆಗಾಲದಲ್ಲಿ ಏಳನೆಯ ತರಗತಿಯ ಹುಡುಗನೊಬ್ಬನು ಪತ್ರಿಕೆಗಳಿಂದ ಕತ್ತರಿಸಿದ ಎರಡು ತುಣುಕುಗಳನ್ನು ತಂದು ನನ್ನ ಮೇಜಿನ ಮೇಲಿರಿಸಿದನು. ಚಾಕೊಲೇಟು ಹೃದಯಕ್ಕೆ ಹಿತಕರವೆಂದು ಒಂದರಲ್ಲಿ ಅಚ್ಚಾಗಿತ್ತು. ಅದರಲ್ಲಿ ಸೀಸ, ಕ್ಯಾಡ್ಮಿಯಂ ಎಂಬ ವಿಷಲೋಹಗಳಿವೆಯೆಂದು ಇನ್ನೊಂದರಲ್ಲಿ. "ಮಾಷ್ಟ್ರೇ, ಎರಡರಲ್ಲಿ ಯಾವುದು ಸರಿ?" ಎಂದು ಅವನು ಕೇಳಿದನು. ಅವನ ಮನೆಯ ಅಡಕೆ ತೋಟದಲ್ಲಿ ಕೊಕ್ಕೊ ಮರಗಳಿವೆ. ಆದುದರಿಂದ ಆ ಪ್ರಶ್ನೆ ಬರಿಯ ನಾಲಗೆಯ ಚಾಪಲ್ಯದಿಂದ ಹುಟ್ಟಿದುದಲ್ಲ. ತನ್ನ ತಂದೆ ಬೆಳೆಯುವ ವಸ್ತು ಲೋಕಕ್ಕೆ ಒಳಿತನ್ನು ಮಾಡುತ್ತದೆಯೋ ಕೆಡುಕನ್ನೋ ಎಂಬ ಆತಂಕವೂ ಅದರಲ್ಲಿತ್ತು. ನಾಳೆ ಹೇಳುತ್ತೇನೆಂದು ನಾನು ತಪ್ಪಿಸಿಕೊಂಡೆ. ಆ ನಾಳೆ ಬರಲು ಎರಡು ತಿಂಗಳು ಹಿಡಿಯಿತು. ಹುಡುಕತೊಡಗಿದಾಗ, ಈ ಪ್ರಶ್ನೆಯನ್ನು ಜನರು ಸುಮಾರು ನಾಲ್ಕುನೂರೈವತ್ತು ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆಂದೂ, ಉತ್ತರವು ಬದಲಾದಂತೆ ವಸ್ತುವೂ ಬದಲಾಗುತ್ತ ಬಂದಿದೆಯೆಂದೂ ಕಂಡುಬಂತು. ಹೆಸರು ಮಾತ್ರ ಅದೇ ಉಳಿದಿದೆ. ಗೊಂದಲದ ಬೇರು ಅಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಕೊಕ್ಕೊ ಮರದ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಮೇಲ್ಭಾಗದ ಕಾಡು. ಈಕ್ವಡಾರ್ ದೇಶದ ಸಾಂತಾ ಅನಾ–ಲಾ ಫ್ಲೋರಿಡಾ ಎಂಬಲ್ಲಿ ದೊರೆತ ಮಡಕೆಗಳಲ್ಲಿ ಸುಮಾರು 5300 ವರ್ಷಗಳಷ್ಟು ಹಳೆಯ ಕೊಕ್ಕೊವಿನ ಕುರುಹುಗಳಿವೆಯೆಂದು 2018ರಲ್ಲಿ ಸಂಶೋಧಕರು ಪ್ರಕಟಿಸಿದರು. ಅಲ್ಲಿಂದ ಉತ್ತರಕ್ಕೆ, ಈಗಿನ ಮೆಕ್ಸಿಕೊ, ಗ್ವಾಟೆಮಾಲಗಳಲ್ಲಿ, ಮಾಯಾ ಜನರೂ ಅವರ ತರುವಾಯ ಅಜ್ಟೆಕರೂ ಅದನ್ನು ಪಾನೀಯವಾಗಿ ಬಳಸಿದರು. ಬೀಜವನ್ನು ಹುರಿದು, ಕಲ್ಲಿನ ಮೇಲೆ ನುಣ್ಣಗೆ ಅರೆದು, ನೀರಿನಲ್ಲಿ ಕದಡಿ, ಮೆಣಸಿನಕಾಯಿಯನ್ನೋ ಜೋಳದ ಹಿಟ್ಟನ್ನೋ ಬೆರೆಸಿ, ನಮ್ಮ ಚಹಾದಂಗಡಿಯವರು ಮಾಡುವಂತೆ ಎತ್ತರದಿಂದ ಹೊಯ್ದು ನೊರೆ ಬರಿಸಿ ಕುಡಿಯುತ್ತಿದ್ದರು. ಕೆಲವೊಮ್ಮೆ ಜೇನು ಬೆರೆಸುತ್ತಿದ್ದುದುಂಟು. ಸಕ್ಕರೆ ಮಾತ್ರ ಅದರಲ್ಲಿ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಕಬ್ಬು ನಮ್ಮ ಈ ಗೋಲಾರ್ಧದ ಬೆಳೆ. ಕೊಲಂಬಸನು ತನ್ನ ಎರಡನೆಯ ಯಾತ್ರೆಯಲ್ಲಿ, 1493ರಲ್ಲಿ, ಅದನ್ನು ಅಮೆರಿಕಕ್ಕೆ ಒಯ್ದನು. ಯುರೋಪಿನ ಭಾಷೆಗಳಲ್ಲಿ ಸಕ್ಕರೆಗೆ ಇರುವ ಹೆಸರುಗಳು ನಮ್ಮ 'ಶರ್ಕರಾ' ಶಬ್ದದಿಂದ ಹೊರಟವುಗಳೆಂಬುದನ್ನು ವಿದ್ಯಾರ್ಥಿಗಳು ಬಲ್ಲರಷ್ಟೆ. ಅಂದರೆ ಚಾಕೊಲೇಟಿನ ಕಹಿ ಅತ್ತ ಕಡೆಯದು, ಸಿಹಿ ಇತ್ತ ಕಡೆಯದು.

ಅಜ್ಟೆಕರಲ್ಲಿ ಕೊಕ್ಕೊ ಬೀಜ ನಾಣ್ಯವೂ ಆಗಿತ್ತು. ಪಾನೀಯವು ಅರಸರಿಗೂ ಯೋಧರಿಗೂ ಸಲ್ಲುವ ವಸ್ತುವಾಗಿತ್ತು. ಬೆರ್ನಾರ್ದಿನೊ ದೆ ಸಹಗುನ್ ಎಂಬ ಸ್ಪೇನಿನ ಪಾದ್ರಿಯು ಹದಿನಾರನೆಯ ಶತಮಾನದಲ್ಲಿ ಅಲ್ಲಿನ ಹಿರಿಯರಿಂದ ಕೇಳಿ ಬರೆಸಿದ ಬೃಹದ್ಗ್ರಂಥದಲ್ಲಿ ಈ ಪಾನೀಯದ ಗುಣದೋಷಗಳೆರಡೂ ಇವೆ: ಹಸಿ ಕೊಕ್ಕೊವನ್ನು ಅತಿಯಾಗಿ ಕುಡಿದರೆ ತಲೆ ತಿರುಗುತ್ತದೆ, ಬುದ್ಧಿ ಮಂಕಾಗುತ್ತದೆ, ಮಿತವಾಗಿ ಕುಡಿದರೆ ದಣಿವು ಹೋಗಿ ಮನಸ್ಸು ಅರಳುತ್ತದೆ. ಇಷ್ಟು ಸಮತೂಕದ ಮಾತನ್ನು ಮುಂದಿನ ಮುನ್ನೂರು ವರ್ಷಗಳಲ್ಲಿ ಯುರೋಪಿನ ಪಂಡಿತರ ಬಾಯಿಂದ ಕೇಳುವುದು ಅಪರೂಪ.

ಅವರ ಕಷ್ಟವನ್ನೂ ತಿಳಿಯಬೇಕು. ಅಂದಿನ ಯುರೋಪಿನ ವೈದ್ಯವು ಗ್ರೀಕರಿಂದ ಬಂದ ಉಷ್ಣ, ಶೀತ, ಆರ್ದ್ರ, ಶುಷ್ಕ ಎಂಬ ನಾಲ್ಕು ಗುಣಗಳ ಲೆಕ್ಕಾಚಾರದ ಮೇಲೆ ನಿಂತಿತ್ತು. ಹಲಸಿನ ಹಣ್ಣು ಉಷ್ಣ, ಎಳನೀರು ತಂಪು ಎಂದು ನಮ್ಮ ಅಜ್ಜಿಯಂದಿರು ಹೇಳುವುದನ್ನು ಕೇಳಿ ಬೆಳೆದ ನಮಗೆ ಈ ಭಾಷೆ ಅಪರಿಚಿತವಲ್ಲ. ಹೊಸ ಲೋಕದ ಈ ಬೀಜವನ್ನು ಯಾವ ಕೋಣೆಯಲ್ಲಿ ಇಡುವುದು? ರಾಜ ಎರಡನೆಯ ಫಿಲಿಪನ ವೈದ್ಯನಾದ ಫ್ರಾನ್ಸಿಸ್ಕೊ ಹೆರ್ನಾಂದೆಸನು 1570ರ ದಶಕದಲ್ಲಿ ಮೆಕ್ಸಿಕೊದಲ್ಲಿದ್ದು, ಅದು ಶೀತದ ಕಡೆಗೆ ವಾಲುವ ವಸ್ತುವೆಂದೂ ಜ್ವರ ಬಂದವರಿಗೆ ಒಳ್ಳೆಯದೆಂದೂ ಬರೆದನು. 1591ರಲ್ಲಿ ಹುವಾನ್ ದೆ ಕಾರ್ದೆನಾಸ್ ಎಂಬ ವೈದ್ಯನು ಇನ್ನೂ ಸೂಕ್ಷ್ಮವಾಗಿ ನೋಡಿ, ಬೀಜದಲ್ಲಿ ಶೀತವಾದ ಅಂಶ, ಜಿಡ್ಡಿನ ಅಂಶ, ಕಹಿಯಾದ ಉಷ್ಣ ಅಂಶ ಎಂದು ಮೂರನ್ನು ವಿಂಗಡಿಸಿದನು. ಹುರಿಯದ ಬೀಜ ತಿಂದರೆ ಅಜೀರ್ಣ, ವಿಷಾದ, ಎದೆಬಡಿತದ ಏರುಪೇರು ಉಂಟಾಗುವುದೆಂದೂ, ಹುರಿದು ಅರೆದು ಸಂಬಾರ ಬೆರೆಸಿದರೆ ಅದೇ ವಸ್ತು ಮೈತುಂಬಿಸಿ ಜೀರ್ಣಕ್ಕೆ ನೆರವಾಗುವುದೆಂದೂ ಅವನ ಮತ. ಸಿದ್ಧಾಂತ ಇಂದು ಬಿದ್ದುಹೋಗಿದೆ. ಆದರೆ ಒಂದೇ ಬೀಜದೊಳಗೆ ಬೇರೆ ಬೇರೆ ಕೆಲಸ ಮಾಡುವ ಬೇರೆ ಬೇರೆ ವಸ್ತುಗಳಿವೆ, ಸಂಸ್ಕಾರದಿಂದ ಅವುಗಳ ಫಲ ಬದಲಾಗುತ್ತದೆ ಎಂಬ ಅವನ ನೋಟ ನಿಂತಿದೆ. ಅವನನ್ನು ನಾನು ಗೌರವದಿಂದ ನೆನೆಯುತ್ತೇನೆ.

1631ರಲ್ಲಿ ಅಂತೋನಿಯೊ ಕೊಲ್ಮೆನೆರೊ ದೆ ಲೆದೆಸ್ಮಾ ಎಂಬ ಇನ್ನೊಬ್ಬ ಸ್ಪೇನಿನ ವೈದ್ಯನು ಚಾಕೊಲೇಟಿನ ಮೇಲೆಯೇ ಒಂದು ಪುಸ್ತಕವನ್ನು ಅಚ್ಚು ಹಾಕಿಸಿದನು. ಅದರಲ್ಲಿರುವ ಪಾಕವಿಧಾನವನ್ನು ನೋಡಿ: ನೂರು ಕೊಕ್ಕೊ ಬೀಜ, ಎರಡು ಮೆಣಸಿನಕಾಯಿ, ದಾಲ್ಚಿನ್ನಿ, ಒಂದು ಡಜನ್ ಬಾದಾಮಿ, ಸುವಾಸನೆಗೆ ಗುಲಾಬಿ, ಬಣ್ಣಕ್ಕೆ ರಂಗುಮಾಲೆಯ ಬೀಜ, ಅರ್ಧ ಪೌಂಡು ಬಿಳಿ ಸಕ್ಕರೆ. ಒಣಗಿದ ಒಂದು ಬೀಜ ಸುಮಾರು ಒಂದು ಗ್ರಾಂ ತೂಗುತ್ತದೆ. ನೂರು ಬೀಜವೆಂದರೆ ನೂರು ಗ್ರಾಂ. ಅರ್ಧ ಪೌಂಡೆಂದರೆ ಇನ್ನೂರಕ್ಕೂ ಮಿಕ್ಕಿ. ಮೂವತ್ತು ಮಕ್ಕಳಿರುವ ತರಗತಿಯಲ್ಲಿ ಈ ಲೆಕ್ಕವನ್ನು ಕೊಟ್ಟರೆ ಅರ್ಧ ನಿಮಿಷದಲ್ಲಿ ಉತ್ತರ ಬರುತ್ತದೆ: ಔಷಧದ ಹೆಸರಿನಲ್ಲಿ ಬರೆದ ಆ ಪಾಕದಲ್ಲಿ ಕೊಕ್ಕೊವಿಗಿಂತ ಸಕ್ಕರೆ ಎರಡು ಪಟ್ಟು. ವಸ್ತು ಬದಲಾದ ಮೊದಲನೆಯ ಸಲ ಅದು. ಅಜ್ಟೆಕರ ಪಾನೀಯಕ್ಕೆ ಸಲ್ಲುತ್ತಿದ್ದ ಹೊಗಳಿಕೆಯನ್ನು ಈ ಹೊಸ ವಸ್ತು ಸದ್ದಿಲ್ಲದೆ ತನ್ನದಾಗಿಸಿಕೊಂಡಿತು.

ಆ ಶತಮಾನದ ವಾದವಿವಾದಗಳಲ್ಲಿ ವಿನೋದಕ್ಕೆ ಕೊರತೆಯಿಲ್ಲ. ಚಾಕೊಲೇಟು ಕುಡಿದರೆ ಕ್ರೈಸ್ತರ ಉಪವಾಸ ಮುರಿಯುತ್ತದೆಯೋ ಇಲ್ಲವೋ ಎಂಬುದರ ಮೇಲೆ ಗ್ರಂಥಗಳೇ ಹುಟ್ಟಿದವು. ದ್ರವದಿಂದ ಉಪವಾಸ ಮುರಿಯದೆಂದು 1660ರ ದಶಕದಲ್ಲಿ ಕಾರ್ಡಿನಲ್ ಬ್ರಾಂಕಾಚ್ಚಿಯೊ ವಾದಿಸಿದನು. ಫ್ರಾನ್ಸಿನ ಪ್ರಸಿದ್ಧ ಪತ್ರಲೇಖಕಿ ಮದಾಂ ದೆ ಸೆವಿನ್ಯೆ 1671ರ ಫೆಬ್ರವರಿಯಲ್ಲಿ ಮಗಳಿಗೆ, ಚಾಕೊಲೇಟು ಕುಡಿ, ಚೇತರಿಸಿಕೊಳ್ಳುವೆ ಎಂದು ಬರೆದಳು. ಏಪ್ರಿಲಿನಲ್ಲಿ, ಅದನ್ನು ಹೊಗಳಿದವರೆಲ್ಲ ಈಗ ತೆಗಳುತ್ತಿದ್ದಾರೆ, ನಾನೂ ಮೋಸಹೋದೆ ಎಂದಳು. ಅಕ್ಟೋಬರಿನಲ್ಲಿ ಪುನಃ, ಮೊನ್ನೆ ಊಟ ಜೀರ್ಣವಾಗಲೆಂದು ಕುಡಿದೆ, ನಿನ್ನೆ ಸಂಜೆಯವರೆಗೆ ಉಪವಾಸವಿರಲೆಂದು ಕುಡಿದೆ, ಎರಡೂ ಸಲ ನಾನೆಣಿಸಿದಂತೆಯೇ ಫಲ ಕೊಟ್ಟಿತು ಎಂದು ಸಂತೋಷಪಟ್ಟಳು. ವರ್ಷದೊಳಗೆ ಮೂರು ತೀರ್ಪು! ಹುಡುಗನು ತಂದ ಪತ್ರಿಕೆಯ ತುಣುಕುಗಳು ನನಗೆ ನೆನಪಾದವು.

ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರ ಬಂತು. ಕೊಕ್ಕೊ ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಕೊಬ್ಬು. ಅದನ್ನು ಹಿಂಡಿ ತೆಗೆಯುವ ವಿಧಾನಕ್ಕೆ ಹಾಲೆಂಡಿನ ವಾನ್ ಹೌಟೆನ್ ಮನೆತನದವರು 1828ರಲ್ಲಿ ಸ್ವಾಮ್ಯ ಪಡೆದರು. ಹಿಂಡಿ ಉಳಿದುದೇ ಕೊಕ್ಕೊ ಪುಡಿ. ಅದು ನೀರಿನಲ್ಲಿ ಚೆನ್ನಾಗಿ ಬೆರೆಯಲೆಂದು ಕ್ಷಾರ ಹಾಕಿದರು. ಹಿಂಡಿ ತೆಗೆದ ಕೊಬ್ಬನ್ನು ಕೊಕ್ಕೊ, ಸಕ್ಕರೆಗಳಿಗೆ ಬೆರೆಸಿ ಅಚ್ಚಿನಲ್ಲಿ ಹೊಯ್ದು, ಕಡಿದು ತಿನ್ನುವ ಚಾಕೊಲೇಟನ್ನು 1847ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಫ್ರೈ ಕಂಪನಿ ಮಾರಿತು. 1875ರಲ್ಲಿ ಸ್ವಿಟ್ಜರ್‌ಲೆಂಡಿನ ಡೇನಿಯಲ್ ಪೀಟರನು ಹಾಲು ಬೆರೆಸಿದನು. 1879ರಲ್ಲಿ ಲಿಂಟನು ಬಾಯಲ್ಲಿ ಕರಗುವಂತೆ ಅರೆಯುವ ಉಪಾಯವನ್ನು ಕಂಡುಹಿಡಿದನು. ಐವತ್ತು ವರ್ಷಗಳಲ್ಲಿ ಕುಡಿಯುವ ವಸ್ತು ತಿನ್ನುವ ವಸ್ತುವಾಯಿತು, ಅಪರೂಪದ್ದು ಅಗ್ಗವಾಯಿತು, ದೊಡ್ಡವರದು ಮಕ್ಕಳದಾಯಿತು.

ಅಗ್ಗವಾದೊಡನೆ ಕಲಬೆರಕೆಯೂ ಬಂತು. 1850ರ ದಶಕದಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಪತ್ರಿಕೆಯ ಪರವಾಗಿ ಆರ್ಥರ್ ಹಿಲ್ ಹ್ಯಾಸಲ್ ಎಂಬ ವೈದ್ಯನು ಲಂಡನ್ನಿನ ಅಂಗಡಿಗಳ ಆಹಾರವನ್ನು ಸೂಕ್ಷ್ಮದರ್ಶಕದಡಿಯಲ್ಲಿ ಇಟ್ಟು ನೋಡಿದಾಗ, ಕೊಕ್ಕೊವಿನಲ್ಲಿ ಪಿಷ್ಟವೂ ಬಣ್ಣಕ್ಕಾಗಿ ಸೇರಿಸಿದ ಕೆಮ್ಮಣ್ಣೂ ಕಂಡುಬಂದವು. ಈ ಬಗೆಯ ಶೋಧನೆಗಳಿಂದಾಗಿ 1860ರಲ್ಲಿ ಬ್ರಿಟನ್ನಿನಲ್ಲಿ ಆಹಾರ ಕಲಬೆರಕೆಯ ವಿರುದ್ಧ ಕಾನೂನು ಹುಟ್ಟಿತು. 1866ರಲ್ಲಿ ಕ್ಯಾಡ್ಬರಿ ಕಂಪನಿ ಕಲಬೆರಕೆಯಿಲ್ಲದ ಕೊಕ್ಕೊವನ್ನು ಹೊರತಂದು, ಶುದ್ಧತೆಯನ್ನೇ ಜಾಹೀರಾತಿನ ತಿರುಳಾಗಿಸಿತು. ಫ್ರೈ, ಕ್ಯಾಡ್ಬರಿ, ರೌನ್‌ಟ್ರೀ ಮನೆತನಗಳು ಮೂರೂ ಕ್ವೇಕರ್ ಪಂಥದವು; ಮದ್ಯಕ್ಕೆ ಬದಲಾಗಿ ಕೊಕ್ಕೊ ಕುಡಿಯಿರೆಂಬುದು ಅವರ ಪ್ರಾಮಾಣಿಕವಾದ ನಂಬಿಕೆ. ಆದರೆ ಕುಡಿಯುವವನ ಆರೋಗ್ಯದ ಬಗ್ಗೆ ಇಷ್ಟೊಂದು ಮಾತನಾಡಿದ ಆ ಕಾಲವು ಬೆಳೆಯುವವನ ಆರೋಗ್ಯವನ್ನು ತಡವಾಗಿ ನೆನೆಯಿತು. ಪೋರ್ಚುಗೀಸರ ಸಾವೊ ತೊಮೆ ದ್ವೀಪದ ಕೊಕ್ಕೊ ತೋಟಗಳಲ್ಲಿ ದಾಸ್ಯಕ್ಕೆ ಸಮಾನವಾದ ದುಡಿಮೆ ನಡೆಯುತ್ತಿದೆಯೆಂಬ ಸುದ್ದಿ ಕ್ಯಾಡ್ಬರಿಯವರಿಗೆ ಮುಟ್ಟಿದ್ದು 1901ರಲ್ಲಿ. ಅಲ್ಲಿನ ಬೀಜವನ್ನು ಅವರು ಕೊಳ್ಳುವುದನ್ನು ನಿಲ್ಲಿಸಿದ್ದು 1909ರಲ್ಲಿ. ಇಂದಿಗೂ ಲೋಕದ ಕೊಕ್ಕೊವಿನ ಅರ್ಧಕ್ಕಿಂತ ಹೆಚ್ಚನ್ನು ಬೆಳೆಯುವ ಐವರಿ ಕೋಸ್ಟ್, ಘಾನಾ ದೇಶಗಳಲ್ಲಿ ಸುಮಾರು 15.6 ಲಕ್ಷ ಮಕ್ಕಳು ಆ ತೋಟಗಳ ಬಾಲದುಡಿಮೆಯಲ್ಲಿದ್ದಾರೆಂದು 2020ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರ ವರದಿ ಅಂದಾಜು ಮಾಡಿತು. ಕತ್ತಿ ಹಿಡಿದು ಕಾಯಿ ಒಡೆಯುವ, ಔಷಧ ಸಿಂಪಡಿಸುವ ಮಗುವಿಗೆ ಆಗುವ ಅಪಾಯವನ್ನು ಯಾವ ಹೊದಿಕೆಯ ಮೇಲೂ ಅಚ್ಚು ಹಾಕುವುದಿಲ್ಲ.

ಈಗ ಹಲ್ಲಿನ ವಿಷಯ. ಉಪಾಧ್ಯಾಯ ಮಿತ್ರರು ಇದನ್ನು ಸಾವಧಾನದಿಂದ ಓದಬೇಕೆಂದು ನನ್ನ ವಿನಂತಿ. ಸ್ವೀಡನ್ ದೇಶದ ಲುಂಡ್ ನಗರದ ಬಳಿ ವಿಪೆಹೋಲ್ಮ್ ಎಂಬ ಆಸ್ಪತ್ರೆಯಿತ್ತು. ಬುದ್ಧಿಮಾಂದ್ಯವುಳ್ಳವರನ್ನು ಅಲ್ಲಿ ಇರಿಸುತ್ತಿದ್ದರು. ಹಲ್ಲು ಹುಳುಕಾಗುವುದಕ್ಕೆ ಸಕ್ಕರೆ ಕಾರಣವೇ ಎಂಬುದನ್ನು ತಿಳಿಯಲು 1947ರಿಂದ ಆ ರೋಗಿಗಳಿಗೆ ಸಿಹಿಯನ್ನು ಬೇರೆ ಬೇರೆ ರೀತಿಯಲ್ಲಿ ಕೊಟ್ಟು ನೋಡಿದರು: ಕೆಲವರಿಗೆ ಊಟದೊಂದಿಗೆ ಸಕ್ಕರೆಯ ನೀರು, ಕೆಲವರಿಗೆ ಸಿಹಿ ರೊಟ್ಟಿ, ಕೆಲವರಿಗೆ ಚಾಕೊಲೇಟು, ಕೆಲವರಿಗೆ ಹಲ್ಲಿಗೆ ಅಂಟುವಂತೆಯೇ ತಯಾರಿಸಿದ ಟಾಫಿ, ಒಂದು ಗುಂಪಿಗೆ ದಿನಕ್ಕೆ 24ರಂತೆ. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ; ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಅನೇಕರು ಇರಲೂ ಇಲ್ಲ. ಅವರ ಹಲ್ಲುಗಳು ಹಾಳಾದವು. ಫಲಿತಾಂಶ 1954ರಲ್ಲಿ ಪ್ರಕಟವಾಯಿತು. ಊಟದ ಜೊತೆಯಲ್ಲಿ ಹೋದ ಸಕ್ಕರೆ ಹೆಚ್ಚಿನ ಹಾನಿ ಮಾಡಲಿಲ್ಲ. ಊಟ ಊಟಗಳ ನಡುವೆ, ಮತ್ತೆ ಮತ್ತೆ, ಅಂಟಿಕೊಂಡು ಉಳಿಯುವ ರೂಪದಲ್ಲಿ ತಿಂದ ಸಿಹಿಯೇ ಹಲ್ಲನ್ನು ತಿಂದುಹಾಕಿತು. ಬೇಗ ಕರಗಿಹೋಗುವ ಚಾಕೊಲೇಟು ಟಾಫಿಯಷ್ಟು ಕ್ರೂರವಾಗಿರಲಿಲ್ಲ, ನಿರಪಾಯಕರವೂ ಆಗಿರಲಿಲ್ಲ. ಶನಿವಾರ ಮಾತ್ರ ಮಕ್ಕಳಿಗೆ ಸಿಹಿ ಕೊಡುವ ಪದ್ಧತಿ ಸ್ವೀಡನ್ನಿನಲ್ಲಿ ಬೇರೂರಿದ್ದು ಇದರ ತರುವಾಯ. ಲೋಕದ ಮಕ್ಕಳ ಹಲ್ಲನ್ನು ಉಳಿಸುವ ಈ ತಿಳಿವಳಿಕೆ, ಮಾತನಾಡಲಾರದವರ ಹಲ್ಲನ್ನು ಬೆಲೆ ಕೊಟ್ಟು ಪಡೆದುದು. ನಮ್ಮ ಶಾಲೆಗಳಲ್ಲಿ ಹುಟ್ಟುಹಬ್ಬದ ನೆಪದಲ್ಲಿ ವಾರಕ್ಕೆ ಮೂರು ನಾಲ್ಕು ಸಲ ಟಾಫಿ, ಚಾಕೊಲೇಟುಗಳನ್ನು ಹಂಚುವುದು ರೂಢಿಯಾಗಿದೆ. ಅದೂ ಹತ್ತೂವರೆ ಗಂಟೆಗೆ, ಬಾಯಿ ತೊಳೆಯುವ ಅವಕಾಶವಿಲ್ಲದ ಹೊತ್ತಿನಲ್ಲಿ. ಮಧ್ಯಾಹ್ನದ ಊಟದೊಂದಿಗೆ ಹಂಚಿದರೆ ಹುಟ್ಟುಹಬ್ಬಕ್ಕೆ ಕುಂದು ಬರಲಾರದು.

ಚಾಕೊಲೇಟು ಹೃದಯಕ್ಕೆ ಹಿತವೆಂಬ ಮಾತು ಎಲ್ಲಿಂದ ಬಂತು? ಪನಾಮಾ ದೇಶದ ದ್ವೀಪಗಳಲ್ಲಿ ವಾಸಿಸುವ ಕೂನಾ ಎಂಬ ಬುಡಕಟ್ಟಿನವರಲ್ಲಿ ವಯಸ್ಸಾದರೂ ರಕ್ತದೊತ್ತಡ ಏರುವುದಿಲ್ಲ, ಆದರೆ ಅವರೇ ನಗರಕ್ಕೆ ಬಂದು ನೆಲಸಿದರೆ ಏರುತ್ತದೆ ಎಂದು ಅಮೆರಿಕದ ವೈದ್ಯ ನಾರ್ಮನ್ ಹೊಲೆನ್‌ಬರ್ಗ್ ಮತ್ತು ಸಂಗಡಿಗರು 1997ರಲ್ಲಿ ಬರೆದರು. ದ್ವೀಪದವರು ಕೊಕ್ಕೊ ಪಾನೀಯವನ್ನು ಧಾರಾಳವಾಗಿ ಕುಡಿಯುತ್ತಿದ್ದುದೇ ಕಾರಣವಿರಬಹುದೆಂಬ ಊಹೆ ಹೊರಟಿತು. ಬೀಜದಲ್ಲಿರುವ ಫ್ಲೇವನಾಲ್ ಎಂಬ ವಸ್ತುಗಳು ರಕ್ತನಾಳಗಳನ್ನು ಸಡಿಲಗೊಳಿಸುತ್ತವೆಯೆಂದು ತಿಳಿದುಬಂತು. ನೆದರ್ಲೆಂಡ್ಸಿನ ಜುಟ್ಫೆನ್ ಪಟ್ಟಣದ 470 ಮಂದಿ ವೃದ್ಧರನ್ನು ಹದಿನೈದು ವರ್ಷ ಗಮನಿಸಿದವರು, ಕೊಕ್ಕೊ ಹೆಚ್ಚು ತಿಂದವರಲ್ಲಿ ಹೃದ್ರೋಗದ ಸಾವು ಕಡಿಮೆಯೆಂದು 2006ರಲ್ಲಿ ವರದಿ ಮಾಡಿದರು. ಇವೆಲ್ಲ ಸುಳ್ಳಲ್ಲ. ಆದರೆ 35 ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2017ರ ಕಾಕ್ರೇನ್ ಸಮೀಕ್ಷೆಯಲ್ಲಿ ಕೊಕ್ಕೊವಿನಿಂದ ರಕ್ತದೊತ್ತಡ ಇಳಿದುದು ಸರಾಸರಿ ಪಾದರಸದ 1.8 ಮಿಲಿಮೀಟರಿನಷ್ಟು ಮಾತ್ರ. 21,442 ಮಂದಿ ಅಮೆರಿಕನ್ ಹಿರಿಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದವುಗಳ ಒಟ್ಟು ಸಂಖ್ಯೆ ಖಚಿತವಾಗಿ ಇಳಿಯಲಿಲ್ಲ. ಹೃದಯ, ರಕ್ತನಾಳಗಳ ರೋಗದಿಂದಾದ ಸಾವು ಮಾತ್ರ ಶೇಕಡ 27ರಷ್ಟು ಕಡಿಮೆಯೆಂದು ಕಂಡಿತು. ಅದು ಪರೀಕ್ಷೆಯ ಮುಖ್ಯ ಪ್ರಶ್ನೆಯಾಗಿರಲಿಲ್ಲವಾದ ಕಾರಣ ಎಚ್ಚರದಿಂದ ಒಪ್ಪಬೇಕು. ಇಷ್ಟಕ್ಕೂ ಅವರು ತಿಂದುದು ಚಾಕೊಲೇಟನ್ನಲ್ಲ: ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ ತುಂಬಿದ ಗುಳಿಗೆಗಳನ್ನು. ಕೂನಾ ಜನರ ಅಧ್ಯಯನಕ್ಕೂ ಇದಕ್ಕೂ ಧನಸಹಾಯ ಮಾಡಿದವರಲ್ಲಿ ಮಾರ್ಸ್ ಎಂಬ ಚಾಕೊಲೇಟು ಕಂಪನಿಯಿತ್ತು ಎಂಬುದನ್ನೂ ಹೇಳಿಬಿಡಬೇಕು.

ಈ ಫ್ಲೇವನಾಲಿನ ರುಚಿ ಕಹಿ, ಒಗರು. ಬೀಜವನ್ನು ಹುದುಗಿಸುವಾಗ, ಹುರಿಯುವಾಗ, ಕ್ಷಾರ ಹಾಕುವಾಗ ಅದು ಹಂತಹಂತವಾಗಿ ನಾಶವಾಗುತ್ತದೆ. ಹಾಗೆ ನಾಶವಾದಷ್ಟೂ ಚಾಕೊಲೇಟು ನಮ್ಮ ನಾಲಗೆಗೆ ಒಗ್ಗುತ್ತದೆ. ಉಳಿದುದಕ್ಕೆ ಸಕ್ಕರೆ, ಹಾಲು ಬೆರೆತ ಮೇಲೆ ಅಂಗಡಿಯ ಪಟ್ಟಿಯಲ್ಲಿ ಎಷ್ಟು ಮಿಕ್ಕೀತು? ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2023ರಲ್ಲಿ ಫ್ಲೇವನಾಲ್ ಸಮೃದ್ಧವಾದ ಕೊಕ್ಕೊ ಪುಡಿಯ ಮೇಲೆ ಹೃದಯದ ಮಾತನ್ನು ಅಚ್ಚು ಹಾಕಲು, ಆಧಾರ ಅತ್ಯಲ್ಪವೆಂಬ ಒಕ್ಕಣೆಯೊಂದಿಗೆ, ಅವಕಾಶ ಕೊಟ್ಟಿತು. ಆ ಅನುಮತಿ ಸಾಮಾನ್ಯ ಚಾಕೊಲೇಟಿಗೆ ಅನ್ವಯಿಸುವುದಿಲ್ಲ. ಪತ್ರಿಕೆಗಳಲ್ಲಿ ಚಿತ್ರ ಮಾತ್ರ ಚಾಕೊಲೇಟಿನದೇ ಬರುತ್ತದೆ.

ಪತ್ರಿಕೆಯ ಮಾತು ಬಂದುದರಿಂದ ಒಂದು ಕತೆ. ಚಾಕೊಲೇಟು ತಿಂದರೆ ಮೈ ಇಳಿಯುತ್ತದೆ ಎಂಬ ಸುದ್ದಿ 2015ರಲ್ಲಿ ಹಲವು ದೇಶಗಳಲ್ಲಿ ಹಬ್ಬಿತು. ಜಾನ್ ಬೊಹಾನನ್ ಎಂಬ ಪತ್ರಕರ್ತನು ಜರ್ಮನಿಯ ಇಬ್ಬರು ದೂರದರ್ಶನದವರೊಂದಿಗೆ ಸೇರಿ ಬೇಕೆಂದೇ ಒಡ್ಡಿದ ಬಲೆ ಅದು. ಪರೀಕ್ಷೆ ನಿಜವಾಗಿಯೇ ನಡೆದಿತ್ತು, ಆದರೆ ಬರಿಯ ಹದಿನೈದು ಮಂದಿಯ ಮೇಲೆ. ತೂಕ, ನಿದ್ದೆ, ಕೊಲೆಸ್ಟೆರಾಲ್ ಎಂದು ಹದಿನೆಂಟು ಸಂಗತಿಗಳನ್ನು ಅಳೆದಿದ್ದರು. ಹದಿನೆಂಟು ಲಾಟರಿ ಚೀಟಿ ಕೊಂಡವನಿಗೆ ಒಂದಾದರೂ ಹತ್ತಿರದ ಸಂಖ್ಯೆ ಬಂದಂತೆ, ಯಾವುದೋ ಒಂದರಲ್ಲಿ ಅಕಸ್ಮಾತ್ತಾಗಿ ವ್ಯತ್ಯಾಸ ಕಾಣಲೇಬೇಕಷ್ಟೆ. ಈ ಸಲ ಕಂಡುದು ತೂಕದಲ್ಲಿ. ಎಷ್ಟು ಜನರ ಮೇಲೆ ಪರೀಕ್ಷಿಸಿದಿರಿ ಎಂದು ವರದಿಗಾರರು ಕೇಳಲಿಲ್ಲವೆಂದು ಬೊಹಾನನ್ ಆಮೇಲೆ ಬರೆದನು. ಹೆಚ್ಚು ಚಾಕೊಲೇಟು ತಿನ್ನುವ ದೇಶಗಳಿಗೆ ಹೆಚ್ಚು ನೊಬೆಲ್ ಪಾರಿತೋಷಕ ಬಂದಿದೆಯೆಂದು 2012ರಲ್ಲಿ ಒಬ್ಬ ವೈದ್ಯನು ಅರ್ಧ ವಿನೋದಕ್ಕಾಗಿ ತೋರಿಸಿದ್ದನ್ನೂ ಕೆಲವರು ನಿಜವೆಂದೇ ಹಿಡಿದರು. ಹಣವುಳ್ಳ ದೇಶ ಚಾಕೊಲೇಟನ್ನೂ ಕೊಳ್ಳುತ್ತದೆ, ಪ್ರಯೋಗಶಾಲೆಯನ್ನೂ ಕಟ್ಟುತ್ತದೆ ಎಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ನನಗೆ ತಟ್ಟನೆ ಹೇಳಿದಳು.

ಇನ್ನು ಲೋಹಗಳು. 2022ರ ಡಿಸೆಂಬರಿನಲ್ಲಿ ಅಮೆರಿಕದ ಒಂದು ಗ್ರಾಹಕ ಸಂಸ್ಥೆ 28 ಬಗೆಯ ಕಪ್ಪು ಚಾಕೊಲೇಟುಗಳನ್ನು ಪರೀಕ್ಷಿಸಿತು. ಅವುಗಳಲ್ಲಿ 23ನ್ನು ದಿನಕ್ಕೆ ಒಂದು ಔನ್ಸಿನಂತೆ ತಿಂದರೆ, ಸೀಸ ಇಲ್ಲವೆ ಕ್ಯಾಡ್ಮಿಯಂ ಕ್ಯಾಲಿಫೋರ್ನಿಯ ರಾಜ್ಯದ ಬಿಗಿಯಾದ ಮಿತಿಯನ್ನು ಮೀರುವುದೆಂದು ಕಂಡಿತು. ಕ್ಯಾಡ್ಮಿಯಂ ಮಣ್ಣಿನಿಂದ ಮರದ ಬೇರಿಗೆ ಏರುತ್ತದೆ. ಸೀಸವು ಬಹುಪಾಲು ಬೀಜವನ್ನು ಬಯಲಲ್ಲಿ ಒಣಗಿಸುವಾಗ ಧೂಳಿನಿಂದ ಅಂಟುತ್ತದೆ. ಯುರೋಪಿನ ಒಕ್ಕೂಟ 2019ರಿಂದ ಕ್ಯಾಡ್ಮಿಯಮಿಗೆ ಮಿತಿ ಹಾಕಿದೆ. ಅಪರೂಪಕ್ಕೆ ಒಂದು ತುಂಡು ತಿನ್ನುವವನು ಭಯಪಡಬೇಕಾದುದಲ್ಲ. ಹೃದಯಕ್ಕೆ ಹಿತವೆಂದು ದಿನವೂ ತಿನ್ನುವವನು, ಗರ್ಭಿಣಿಯರು, ಎಳೆಯ ಮಕ್ಕಳು ಎಚ್ಚರ ವಹಿಸಬೇಕಾದುದು. ಕೊಕ್ಕೊ ಹೆಚ್ಚಿದಷ್ಟು ಫ್ಲೇವನಾಲೂ ಹೆಚ್ಚು, ಲೋಹವೂ ಹೆಚ್ಚು. ಹುಡುಗನ ಎರಡು ತುಣುಕುಗಳು ಒಂದೇ ಬೀಜದ ಎರಡು ಹೋಳುಗಳಾಗಿದ್ದವು.

ಆ ಬೀಜ ನಮ್ಮ ನೆರೆಯಲ್ಲಿಯೇ ಇದೆ. ಕೇರಳದಲ್ಲಿ ಕೊಕ್ಕೊ ಕೃಷಿಯನ್ನು ಕ್ಯಾಡ್ಬರಿ ಕಂಪನಿ 1965ರಲ್ಲಿ ಆರಂಭಿಸಿತು. ಅಡಕೆಯ ನೆರಳು ಅದಕ್ಕೆ ಒಗ್ಗಿದುದರಿಂದ ಕಾಸರಗೋಡು, ಪುತ್ತೂರು, ಸುಳ್ಯದ ಕಡೆಯ ತೋಟಗಳಿಗೂ ಬಂತು. 1980ರ ಆಸುಪಾಸಿನಲ್ಲಿ ಬೆಲೆ ಕುಸಿದು, ಬೆಳೆಗಾರರು ಕಂಗೆಟ್ಟಾಗ, 1973ರಲ್ಲಿ ಹುಟ್ಟಿದ ಕರ್ನಾಟಕ–ಕೇರಳ ಎರಡೂ ರಾಜ್ಯಗಳ ಅಡಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಬೀಜ ಕೊಳ್ಳಲು ಮುಂದಾಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ನಮ್ಮ ಮಕ್ಕಳಿಗೆ ಕೊಕ್ಕೊ ಎಂದರೆ ಕಾಯಿ ಒಡೆದು ಚೀಪುವ ಬಿಳಿಯ ಹುಳಿಸಿಹಿ ತಿರುಳು. ಅದಕ್ಕೂ ಚಾಕೊಲೇಟಿನ ರುಚಿಗೂ ಸಂಬಂಧವಿಲ್ಲ. ಅವರು ಚೀಪಿ ಉಗುಳುವುದೇ ಲೋಕಕ್ಕೆ ಬೇಕಾದುದು.

ಹುಡುಗನಿಗೆ ನಾನು ಕೊನೆಗೆ ಹೇಳಿದುದು ಇಷ್ಟು. ನಿನ್ನ ತಂದೆ ಬೆಳೆಯುವುದು ಕೆಟ್ಟ ವಸ್ತುವಲ್ಲ. ಧೂಳಿಲ್ಲದ ಕಡೆ ಒಣಗಿಸಿದರೆ ಇನ್ನೂ ಒಳ್ಳೆಯದು. ಅದನ್ನು ಔಷಧವೆಂದು ತಿನ್ನಬೇಡ, ಸಿಹಿಯೆಂದು ತಿನ್ನು. ಹಾಲಿನ ಚಾಕೊಲೇಟಿನಲ್ಲಿ ಅರ್ಧದಷ್ಟು ಸಕ್ಕರೆ. ದಿನಕ್ಕೆ 25 ಗ್ರಾಂ, ಅಂದರೆ ಆರು ಚಮಚ, ಸಕ್ಕರೆಯೊಳಗೆ ನಿಂತರೆ ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿರುವುದರಿಂದ, 50 ಗ್ರಾಮಿನ ಒಂದು ಪಟ್ಟಿ ಇಡೀ ದಿನದ ಪಾಲನ್ನು ಮುಗಿಸಿಬಿಡುತ್ತದೆ. ಊಟದ ಜೊತೆ ತಿನ್ನು, ಬಾಯಿ ಮುಕ್ಕಳಿಸು. ಮನೆಯ ನಾಯಿಗೆ ಮಾತ್ರ ಒಂದು ಚೂರೂ ಹಾಕಬೇಡ. 1841ರಲ್ಲಿ ವಸ್ಕ್ರೆಸೆನ್ಸ್ಕಿ ಎಂಬ ರಷ್ಯದ ರಸಾಯನಜ್ಞನು ಈ ಬೀಜದಲ್ಲಿ ಕಂಡುಹಿಡಿದ ಥಿಯೊಬ್ರೊಮಿನ್ ನಮ್ಮನ್ನು ಸ್ವಲ್ಪ ಚುರುಕುಗೊಳಿಸುತ್ತದೆ, ನಾಯಿಯ ಮೈಯಲ್ಲಿ ಅದು ಬೇಗ ಕರಗದೆ ವಿಷವಾಗುತ್ತದೆ.

ಮರುದಿನ ಅವನು ಅಂಗಳದಲ್ಲಿ ಒಣಗಿದ ಒಂದು ಹಿಡಿ ಬೀಜ ತಂದನು. ಶಾಲೆಯ ಅಡುಗೆಯಾಕೆ ಬಾಣಲೆಯಲ್ಲಿ ಹುರಿದುಕೊಟ್ಟರು. ಓಣಿಯುದ್ದಕ್ಕೂ ಪರಿಮಳ ಹಬ್ಬಿತು. ಸಿಪ್ಪೆ ತೆಗೆದು ಒಂದೊಂದು ಚೂರನ್ನು ಎಲ್ಲರ ಕೈಗೂ ಇಟ್ಟೆ. ಬಾಯಿಗೆ ಹಾಕಿದವರೆಲ್ಲ ಮುಖ ಸಿಂಡರಿಸಿದರು, ಇಬ್ಬರು ಹೊರಗೆ ಓಡಿದರು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಇನ್ನೊಂದು ಚೂರಿಗೆ ಕೈ ಚಾಚಿದಳು.